ಮೊಳೆಯುವ ಪ್ರತಿ

ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಎರಿ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವ ಮನೆತನಗಳು ಕಾಳನ್ನು ಎರಡು ಕಡೆ ಇಡುತ್ತಿದ್ದವು. ಊಟದ ಜೋಳ ಹಗೇವಿಗೆ ಹೋಗುತ್ತಿತ್ತು. ನೆಲದೊಳಗೆ ತೋಡಿದ ಆ ಗುಂಡಿಯ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಹುಳು ಬದುಕುವುದಿಲ್ಲ. ಜೋಳ ಬಹುಕಾಲ ಉಳಿಯುತ್ತದೆ. ಬೀಜದ ಜೋಳಕ್ಕೆ ಮಾತ್ರ ಬೇರೆಯೇ ಗಡಿಗೆ. ಅದಕ್ಕೆ ಬೂದಿ, ಬೇವಿನ ಎಲೆ ಬೆರೆಸಿ ಮನೆಯೊಳಗೆ ಒಣಗಿದ ಜಾಗದಲ್ಲಿ ಇಡುತ್ತಿದ್ದರು. ಹಗೇವಿನ ಕಾಳು ನೋಡಲು ಗುಂಡಗೆ ಇರುತ್ತದೆ, ರೊಟ್ಟಿಗೂ ಒದಗುತ್ತದೆ. ಆದರೆ ಗಾಳಿಯಿಲ್ಲದ ನೆಲದೊಳಗೆ ಬಹಳ ದಿನ ಕಳೆದ ಕಾಳು ಮೊಳೆಯುವ ಕಸುವನ್ನು ಕಳೆದುಕೊಂಡಿರಬಹುದು.

ಅದಕ್ಕೇ ಬಿತ್ತುವ ಮುನ್ನ ತಿಳಿದವರು ಒಂದು ಪರೀಕ್ಷೆ ಮಾಡುತ್ತಾರೆ. 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ ಮೊಳಕೆ ಎಣಿಸುತ್ತಾರೆ. ಪ್ರಮಾಣಿತ ಜೋಳದ ಬೀಜವೆಂದರೆ 100ಕ್ಕೆ ಕನಿಷ್ಠ 75 ಮೊಳೆಯಬೇಕು ಎಂಬುದು ನಮ್ಮ ದೇಶದ ಮಾನದಂಡ. ಎಣಿಸಿ ನೋಡುವ ತನಕ ಗಡಿಗೆಯಲ್ಲಿರುವುದು ಬೀಜವೋ ಬರೀ ಕಾಳೋ ಹೇಳಲು ಬರುವುದಿಲ್ಲ.

ಕಂಪ್ಯೂಟರಿನ ದತ್ತಾಂಶಕ್ಕೆ ತೆಗೆದಿಡುವ ಪ್ರತಿಯೂ, ಅಂದರೆ ಬ್ಯಾಕಪ್ ಕೂಡ, ಹೀಗೆಯೇ. ಎಷ್ಟೋ ಕಚೇರಿಗಳಲ್ಲಿ ಪ್ರತಿ ಇರುತ್ತದೆ. ಅದು ಮೊಳೆಯುತ್ತದೆಯೇ ಎಂದು ಯಾರೂ ನೋಡಿರುವುದಿಲ್ಲ. ಕುಸಿದುಬಿದ್ದ ಒಂದು ಯೂನಿಕ್ಸ್ ಸರ್ವರನ್ನು ದೂರದಲ್ಲಿಟ್ಟ ಪ್ರತಿಯಿಂದ, ತಂತಿಯ ಮೂಲಕ, ಮತ್ತೆ ಎಬ್ಬಿಸಿ ನಿಲ್ಲಿಸುವುದು ಹೇಗೆ ಎಂಬುದನ್ನು ಈ ಅಧ್ಯಾಯದಲ್ಲಿ ಹಂತ ಹಂತವಾಗಿ ನೋಡೋಣ.

ಊರಿಗೆ ಬಂದ ಸರ್ವರ್

ನಮ್ಮ ಹಳ್ಳಿಗಳ ಬದುಕು ಸರ್ವರಿಗೆ ಕಟ್ಟಿಕೊಂಡದ್ದು ಎರಡು ದಾರಿಯಿಂದ. ಮೊದಲನೆಯದು ಬ್ಯಾಂಕು. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಭಾರತದ ಬ್ಯಾಂಕುಗಳು ಲೆಡ್ಜರ್ ಬರೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸತೊಡಗಿದವು. ಆ ಯಂತ್ರಗಳ ಕಾರ್ಯಾಚರಣ ವ್ಯವಸ್ಥೆಯಾಗಿ ಬಹುತೇಕ ಆಯ್ಕೆಯಾದದ್ದು ಯೂನಿಕ್ಸ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಕಟ್ಟಲು ಆರಂಭಿಸಿದ ಈ ವ್ಯವಸ್ಥೆಯಲ್ಲಿ ಒಂದೇ ಯಂತ್ರಕ್ಕೆ ಹಲವು ಪರದೆಗಳನ್ನು ಜೋಡಿಸಿ ಹಲವರು ಒಟ್ಟಿಗೆ ಕೆಲಸ ಮಾಡಬಹುದಿತ್ತು. ಅದರ ಮಾದರಿಯಲ್ಲೇ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಇಂದು ಜಗತ್ತಿನ ಬಹುಪಾಲು ಸರ್ವರುಗಳಲ್ಲಿದೆ. ನಿಮ್ಮ ಕೈಯ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ.

ಎರಡನೆಯದು ಉತಾರ, ಅಂದರೆ ಹೊಲದ ಪಹಣಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಗೆ ಹುಟ್ಟಿದ ಕೆಲವೇ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂತು. ರಾಜ್ಯದಾದ್ಯಂತ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷದಷ್ಟು ಭೂಮಾಲೀಕರ ಹೆಸರುಗಳು ಗ್ರಾಮಲೆಕ್ಕಿಗರ ಪುಸ್ತಕದಿಂದ ಗಣಕಕ್ಕೆ ಏರಿದವು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಉತಾರ ಪಡೆಯುವುದು ಸಾಧ್ಯವಾಯಿತು. ಆರಂಭದ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದತ್ತಾಂಶ ಆ ತಾಲ್ಲೂಕಿನ ಸರ್ವರಿನಲ್ಲೇ ಇರುತ್ತಿತ್ತು. ರೋಣದ ಹೊಲಗಳದು ರೋಣದಲ್ಲಿ, ನರಗುಂದದ ಹೊಲಗಳದು ನರಗುಂದದಲ್ಲಿ. ಗಜೇಂದ್ರಗಡ ಆಗ ರೋಣ ತಾಲ್ಲೂಕಿನ ಒಂದು ಊರು. ಪ್ರತ್ಯೇಕ ತಾಲ್ಲೂಕಾದದ್ದು ಮುಂದೆ. ಕಾಲಕ್ರಮದಲ್ಲಿ ದತ್ತಾಂಶ ಬೆಂಗಳೂರಿನ ಕೇಂದ್ರಕ್ಕೆ ಸೇರಿ, ತಾಲ್ಲೂಕುಗಳು ಜಾಲದ ಮೂಲಕ ಅದನ್ನು ತಲುಪತೊಡಗಿದವು. ‘ಭೂಮಿ’ ಮೊದಲು ಓಡಿದ್ದು ವಿಂಡೋಸ್ ಮೇಲೆ, ಬ್ಯಾಂಕುಗಳದು ಯೂನಿಕ್ಸ್ ಮೇಲೆ. ವ್ಯವಸ್ಥೆ ಯಾವುದಾದರೂ ಡಿಸ್ಕ್ ಸವೆಯುತ್ತದೆ, ಸಿಡಿಲು ಬಡಿಯುತ್ತದೆ, ಮನುಷ್ಯನ ಬೆರಳು ತಪ್ಪುತ್ತದೆ. ಆಗ ಕಿಟಕಿಯ ಆಚೆಯಿಂದ ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’ ಎಂಬ ಮಾತು ಬರುತ್ತದೆ. ಬೆಳೆಸಾಲಕ್ಕೋ ಬೆಳೆವಿಮೆಗೋ ಕೊನೆಯ ದಿನ ಹತ್ತಿರವಿದ್ದಾಗ ಆ ‘ನಾಳೆ’ಗೆ ಬೆಲೆ ತೆರುವವನು ರೈತ.

ಏನು ಬಿತ್ತು, ಏನು ಉಳಿಯಿತು

ನರಗುಂದದಲ್ಲಿ ಒಂದು ಸಹಕಾರಿ ಸಂಘವಿದೆ ಎಂದು ಊಹಿಸಿಕೊಳ್ಳೋಣ. ಅದರ ಕೋಣೆಯಲ್ಲೊಂದು ಲಿನಕ್ಸ್ ಸರ್ವರ್. ಸದಸ್ಯರ ಸಾಲ, ಠೇವಣಿ, ಗೊಬ್ಬರದ ಲೆಕ್ಕ ಎಲ್ಲ ಸೇರಿ 500 ಗಿಗಾಬೈಟ್. ಪ್ರತಿ ರಾತ್ರಿ ಅದರ ಪ್ರತಿ ಗದಗಿನ ಇನ್ನೊಂದು ಯಂತ್ರಕ್ಕೆ ಜಾಲದ ಮೂಲಕ ಹೋಗುತ್ತದೆ. ಗುರುವಾರ ಬೆಳಿಗ್ಗೆ 11.20ಕ್ಕೆ ಸರ್ವರಿನ ಡಿಸ್ಕ್ ನಿಂತುಹೋಯಿತು.

ಮೊದಲು ಅರಿಯಬೇಕಾದದ್ದು, ಸರ್ವರೆಂದರೆ ಒಂದರ ಮೇಲೊಂದು ಕೂತ ಮೂರು ಪದರ. ತಳದಲ್ಲಿ ಯಂತ್ರ: ಡಿಸ್ಕು, ಮೆಮೊರಿ, ಜಾಲದ ಕಾರ್ಡು. ಅದರ ಮೇಲೆ ವ್ಯವಸ್ಥೆ: ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್, ತಿರುಳಾದ ಕರ್ನಲ್, ನೂರಾರು ಸಣ್ಣ ಆಜ್ಞೆಗಳು, ಸೆಟ್ಟಿಂಗ್ ಕಡತಗಳು. ಎಲ್ಲಕ್ಕೂ ಮೇಲೆ ದತ್ತಾಂಶ. ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ವ್ಯವಸ್ಥೆಯನ್ನು ಹೊಸದಾಗಿ ಹಾಕಬಹುದು. ದತ್ತಾಂಶ ಮಾತ್ರ ಬೇರೆಲ್ಲೂ ಸಿಗದು. ಆದರೂ ದತ್ತಾಂಶದ ಪ್ರತಿಯೊಂದನ್ನೇ ಇಟ್ಟುಕೊಂಡವರು ಮಧ್ಯದ ಪದರವನ್ನು ನೆನಪಿನಿಂದ ಮತ್ತೆ ಕಟ್ಟಬೇಕಾಗುತ್ತದೆ. ಯಾವ ಆವೃತ್ತಿ ಇತ್ತು, ಪ್ರಿಂಟರಿಗೆ ಏನು ಹೆಸರಿತ್ತು, ರಾತ್ರಿ ಎಷ್ಟು ಗಂಟೆಗೆ ಬಡ್ಡಿ ಲೆಕ್ಕ ಓಡುತ್ತಿತ್ತು ಎಂಬುದನ್ನು ಹೇಳಬಲ್ಲ ಮನುಷ್ಯ ಅಷ್ಟರಲ್ಲಿ ವರ್ಗವಾಗಿ ಹೋಗಿರುತ್ತಾನೆ.

ಒಂದೇ ಯಂತ್ರದಲ್ಲಿ ಎರಡು ಡಿಸ್ಕ್ ಹಾಕಿ ಎರಡರಲ್ಲೂ ಒಂದೇ ಸಮಯಕ್ಕೆ ಬರೆಯುವ ಏರ್ಪಾಡೂ ಇದೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಆದರೆ ಯಾರಾದರೂ ಕೈತಪ್ಪಿ ಕಡತವೊಂದನ್ನು ಅಳಿಸಿದರೆ ಅದು ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ನಿನ್ನೆಯ ಸ್ಥಿತಿಗೆ ಮರಳಲು ನಿನ್ನೆಯದೇ ಪ್ರತಿ ಬೇರೆಯಾಗಿ ಇರಬೇಕು.

ರಾತ್ರಿ ಹನಿ, ಹಗಲು ಕೆರೆ

ಪ್ರತಿ ರಾತ್ರಿ 500 ಗಿಗಾಬೈಟ್ ಕಳಿಸುವ ಅಗತ್ಯವಿಲ್ಲ. ಭಾನುವಾರ ಪೂರ್ಣ ಪ್ರತಿ, ಉಳಿದ ರಾತ್ರಿ ಆ ದಿನ ಬದಲಾದದ್ದು ಮಾತ್ರ. ಯೂನಿಕ್ಸಿನಲ್ಲಿ ಇದಕ್ಕೆ ಹಳೆಯ ಆಜ್ಞೆ ‘ಟಾರ್’. 1979ರ ಏಳನೇ ಆವೃತ್ತಿಯೊಡನೆ ಬಂದ ಈ ಆಜ್ಞೆಯ ಹೆಸರೇ ಟೇಪಿನ ಸಂಗ್ರಹ ಎಂಬುದರ ಚುಟುಕು. ಕಡತಗಳನ್ನು ಹೆಸರು, ಒಡೆಯ, ಹಕ್ಕು, ದಿನಾಂಕದ ಸಮೇತ ಒಂದರ ಹಿಂದೊಂದು ಹೊಸೆದು ಒಂದೇ ಉದ್ದನೆಯ ಮೂಟೆ ಮಾಡುತ್ತದೆ.

ಇನ್ನೂ ಚುರುಕಾದದ್ದು ‘ಆರ್‌ಸಿಂಕ್’. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಇದನ್ನು ಹೊರತಂದರು. ಗದಗಿನಲ್ಲಿ ನಿನ್ನೆಯ ಕಡತ, ನರಗುಂದದಲ್ಲಿ ಇವತ್ತಿನದು. ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಕಳಿಸಬೇಕು. ಆದರೆ ಎರಡೂ ಒಂದೇ ಕಡೆ ಇಲ್ಲದಾಗ ಹೋಲಿಸುವುದು ಹೇಗೆ? ಗದಗಿನ ಯಂತ್ರ ತನ್ನ ಕಡತವನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಎರಡು ಗುರುತು ಲೆಕ್ಕ ಹಾಕುತ್ತದೆ. ಒಂದು ಸರಸರನೆ ಸಿಗುವ ಸಣ್ಣ ಗುರುತು, ಇನ್ನೊಂದು ತುಸು ಹೊತ್ತು ಹಿಡಿಯುವ ಗಟ್ಟಿ ಗುರುತು. ಗುರುತುಗಳ ಪಟ್ಟಿ ಮಾತ್ರ ನರಗುಂದಕ್ಕೆ ಬರುತ್ತದೆ. ನರಗುಂದದ ಯಂತ್ರ ಅಷ್ಟೇ ಅಗಲದ ಕಿಟಕಿಯನ್ನು ತನ್ನ ಕಡತದ ಮೇಲೆ ಒಂದೊಂದೇ ಬೈಟ್ ಸರಿಸುತ್ತ ಹೋಗುತ್ತದೆ. ಸಣ್ಣ ಗುರುತು ಹೊಂದಿದಲ್ಲಿ ಗಟ್ಟಿ ಗುರುತಿನಿಂದ ಖಾತ್ರಿ ಮಾಡಿಕೊಂಡು ‘ಇದು ನಿನ್ನಲ್ಲಿರುವ 17ನೇ ತುಂಡು’ ಎಂದಷ್ಟೇ ಹೇಳುತ್ತದೆ. ಹೊಂದದ ಬೈಟುಗಳನ್ನು ಮಾತ್ರ ಕಳಿಸುತ್ತದೆ. ದಿನಕ್ಕೆ 2 ಗಿಗಾಬೈಟ್ ಬದಲಾದರೆ, ಸೆಕೆಂಡಿಗೆ 10 ಮೆಗಾಬಿಟ್ ಹರಿಯುವ ಸಾಧಾರಣ ತಂತಿಯಲ್ಲೂ 27 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಈ ಹನಿ ಹನಿ ಸುಖವೇ ನಮ್ಮನ್ನು ಮೈಮರೆಸುತ್ತದೆ. ಡಿಸ್ಕ್ ಸತ್ತ ದಿನ ಹೊಸ ಡಿಸ್ಕ್ ಖಾಲಿ. ಹೋಲಿಸಲು ಹಳೆಯ ತುಂಡು ಒಂದೂ ಇಲ್ಲ. 500 ಗಿಗಾಬೈಟೂ ಹಿಂದಕ್ಕೆ ಹರಿಯಬೇಕು. ಅದೇ ತಂತಿಯಲ್ಲಿ ಅದಕ್ಕೆ 4 ಲಕ್ಷ ಸೆಕೆಂಡು, ಅಂದರೆ 111 ತಾಸು, ನಾಲ್ಕೂವರೆ ದಿನಕ್ಕೂ ಮಿಗಿಲು. 100 ಮೆಗಾಬಿಟ್ ಇದ್ದರೆ 11 ತಾಸು. 1 ಗಿಗಾಬಿಟ್ ಇದ್ದರೆ ಒಂದು ತಾಸಿಗೆ ತುಸು ಹೆಚ್ಚು. ಮಲಪ್ರಭಾ ಕಾಲುವೆಯ ತುದಿಯ ರೈತನಿಗೆ ಈ ಲೆಕ್ಕವನ್ನು ವಿವರಿಸಬೇಕಿಲ್ಲ. ಅಣೆಕಟ್ಟು ತುಂಬಿದ್ದರೂ ಹೊಲಕ್ಕೆ ಬರುವುದು ಕಾಲುವೆಯ ಅತಿ ಕಿರಿದಾದ ಜಾಗ ಬಿಟ್ಟುಕೊಟ್ಟಷ್ಟೇ ನೀರು.

ತಂತಿ ಕಿರಿದಾಗಿದ್ದರೆ ಗದಗಿನಲ್ಲಿ ಒಂದು ಡಿಸ್ಕಿಗೆ ಪ್ರತಿ ಇಳಿಸಿ, ನಂಬಿಕೆಯ ಮನುಷ್ಯನ ಕೈಯಲ್ಲಿ ಬಸ್ಸಿಗೆ ಕಳಿಸುವುದೇ ಬೇಗ. ಬುಧವಾರ ರಾತ್ರಿಯಿಂದ ಈಚೆಗೆ ಗದಗಿಗೆ ತಲುಪಿದ ಬದಲಾವಣೆಯನ್ನು (ಅದು ತಲುಪುವ ಬಗೆಯನ್ನು ಮುಂದೆ ನೋಡೋಣ) ಮಾತ್ರ ತಂತಿಯಲ್ಲಿ ತರಿಸಿಕೊಳ್ಳಬಹುದು. ಇದರಲ್ಲಿ ನಾಚಿಕೆಯೇನೂ ಇಲ್ಲ. ಹಾಗಾಗಿ ಯಾವುದೇ ಸಂಸ್ಥೆ ಸರ್ವರ್ ಬೀಳುವ ಮೊದಲೇ ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಎಷ್ಟು ಹೊತ್ತಿನ ಕೆಲಸ ಕಳೆದುಕೊಂಡರೆ ತಾಳಿಕೊಳ್ಳುತ್ತೇವೆ? ಎಷ್ಟು ಹೊತ್ತು ಬಾಗಿಲು ಮುಚ್ಚಿದರೆ ತಾಳಿಕೊಳ್ಳುತ್ತೇವೆ? ಮೊದಲ ಉತ್ತರ ಪ್ರತಿ ಎಷ್ಟು ಸಲ ತೆಗೆಯಬೇಕೆಂದು ಹೇಳುತ್ತದೆ; ಎರಡನೆಯದು ತಂತಿ ಎಷ್ಟು ಅಗಲ ಬೇಕೆಂದು.

ಪೆಟ್ಟಿಗೆಯೊಳಗಿನ ಕೀಲಿಕೈ

ಹೊಸ ಡಿಸ್ಕ್ ಕೂಡಿಸಿ ಗುಂಡಿ ಒತ್ತಿದೆವು. ಪರದೆ ಕಪ್ಪು. ಗದಗಿನಿಂದ ಪ್ರತಿ ತರಲು ಜಾಲ ಬೇಕು; ಜಾಲ ನಡೆಸಲು ಕರ್ನಲ್ ಬೇಕು; ಕರ್ನಲ್ ಇರುವುದು ಗದಗಿನ ಪ್ರತಿಯೊಳಗೆ. ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯೊಳಗೇ ಉಳಿದ ಹಾಗಾಯಿತು.

1986ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇದೇ ಆಯಿತು. ವ್ಯಾಕ್ಸ್ ಎಂಬ ಬಗೆಯ ಕಂಪ್ಯೂಟರೊಂದರ ಮೇಲೆ ಎಲ್ಲವನ್ನೂ ಅಳಿಸುವ ಆಜ್ಞೆ ತಪ್ಪು ಜಾಗದಲ್ಲಿ ಓಡಿತು. ತಡೆಯುವಷ್ಟರಲ್ಲಿ ಮೂಲ ಆಜ್ಞೆಗಳೂ ಸೆಟ್ಟಿಂಗ್ ಕಡತಗಳೂ ಸಾಧನಗಳ ಪಟ್ಟಿಯೂ ಹೋಗಿದ್ದವು. ಯಂತ್ರ ಇನ್ನೂ ಉಸಿರಾಡುತ್ತಿತ್ತು. ಆಫ್ ಮಾಡಿದರೆ ಮತ್ತೆ ಏಳುತ್ತಿರಲಿಲ್ಲ. ಪಕ್ಕದ ಇನ್ನೊಂದು ವ್ಯಾಕ್ಸಿನಲ್ಲಿ ಬೇಕಾದ ಕಡತಗಳಿದ್ದವು, ನಡುವೆ ಈಥರ್ನೆಟ್ ತಂತಿಯೂ ಇತ್ತು. ಆದರೆ ತಂತಿ ಬಳಸಲು ಬೇಕಾದ ವಿಳಾಸದ ಕಡತ ಇರಬೇಕಾಗಿದ್ದ ಕಡತಕೋಶವೇ ಅಳಿದಿತ್ತು. ಹೊಸ ಕಡತಕೋಶ ಮಾಡುವ ಆಜ್ಞೆಯೂ ಅಳಿದಿತ್ತು. ತೆರೆದೇ ಉಳಿದಿದ್ದ ಈಮ್ಯಾಕ್ಸ್ ಎಂಬ ಬರಹದ ಸಾಧನವೊಂದು ಅವರ ಕೈಗೆ ಸಿಕ್ಕಿತು. ಯಂತ್ರಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಸಿದ್ಧಮಾಡಿ, ಅದರ ಅಂಕಿಗಳನ್ನು ಅದರಲ್ಲಿ ಕೈಯಿಂದಲೇ ಟೈಪ್ ಮಾಡಿದರು. ಆ ಪ್ರೋಗ್ರಾಂ ಮಾಡಿದ್ದು ಒಂದೇ ಕೆಲಸ: ಉಳಿದಿದ್ದ ತಾತ್ಕಾಲಿಕ ಕಡತಕೋಶದ ಹೆಸರನ್ನು ಅಳಿದುಹೋದದ್ದರ ಹೆಸರಿಗೆ ಬದಲಿಸುವುದು. ಬಾಗಿಲು ಅಷ್ಟು ತೆರೆದದ್ದೇ ತಡ, ಜಾಲದಿಂದ ಕಡತಗಳು ಒಂದೊಂದಾಗಿ ಮರಳಿದವು. ಈ ಘಟನೆಯನ್ನು ಬರೆದಿಟ್ಟವರು ಮಾರಿಯೊ ವೊಲ್ಚ್‌ಕೊ. ನಾಲ್ಕು ದಶಕದ ನಂತರವೂ ಯೂನಿಕ್ಸ್ ನಿರ್ವಾಹಕರು ಅದನ್ನು ಓದುತ್ತಾರೆ.

ಇಂದು ಅಷ್ಟು ಕಷ್ಟ ಬೇಕಿಲ್ಲ. ಜೇಬಿನಲ್ಲೊಂದು ಪೆನ್‌ಡ್ರೈವಿನಲ್ಲಿ ಪುಟ್ಟ ಲಿನಕ್ಸ್ ಇಟ್ಟುಕೊಂಡರೆ ಅದೇ ಕೀಲಿಕೈ. ಅದೂ ಇಲ್ಲದಿದ್ದರೆ ಜಾಲದ ಕಾರ್ಡಿಗೇ ಒಂದು ಸಣ್ಣ ಜಾಣ್ಮೆ ತುಂಬಿರುತ್ತದೆ. ಕರೆಂಟು ಬಂದೊಡನೆ ಅದು ‘ನಾನು ಯಾರು, ನನ್ನ ವಿಳಾಸವೇನು’ ಎಂದು ತಂತಿಯಲ್ಲಿ ಕೂಗುತ್ತದೆ. ಅದೇ ಕಚೇರಿಯ ಇನ್ನೊಂದು ಯಂತ್ರ ವಿಳಾಸ ಕೊಟ್ಟು ಪುಟ್ಟ ಕರ್ನಲ್ ಒಂದನ್ನು ಕಳಿಸುತ್ತದೆ. ಆ ಕರ್ನಲ್ ಡಿಸ್ಕನ್ನು ಮುಟ್ಟದೆ ಮೆಮೊರಿಯಲ್ಲೇ ನೆಲೆಸುತ್ತದೆ. ಈಗ ಯಂತ್ರ ಎದ್ದಿದೆ, ಮನೆ ಇನ್ನೂ ಖಾಲಿ.

ಸರ್ವೆ ನಂಬರು ಮತ್ತು ಹೆಸರು

ಇಲ್ಲಿಂದ ಕೆಲಸಕ್ಕೆ ಕ್ರಮವಿದೆ. ಹೊಸ ಡಿಸ್ಕನ್ನು ಹಳೆಯದರಂತೆ ಭಾಗ ಮಾಡಬೇಕು. ಪ್ರತಿ ಭಾಗದಲ್ಲೂ ಕಡತ ವ್ಯವಸ್ಥೆ ಹಾಕಬೇಕು. ಭಾನುವಾರದ ಪೂರ್ಣ ಪ್ರತಿ ಮೊದಲು, ಆಮೇಲೆ ಸೋಮವಾರ, ಮಂಗಳವಾರ, ಬುಧವಾರದ ಬದಲಾವಣೆಗಳು ಅದೇ ಸರದಿಯಲ್ಲಿ. ಮಂಗಳವಾರದ ಕೊಂಡಿ ತಪ್ಪಿದರೆ ಆ ದಿನ ಮಾತ್ರ ಬದಲಾದ ಕಡತಗಳೆಲ್ಲ ಸೋಮವಾರದ ಸ್ಥಿತಿಯಲ್ಲೇ ಉಳಿಯುತ್ತವೆ. ಅಳಿಸಿದ ಕಡತಗಳ ಲೆಕ್ಕವನ್ನೂ ಪ್ರತಿ ಇಟ್ಟಿರಬೇಕು. ಇಲ್ಲದಿದ್ದರೆ ಸೋಮವಾರ ಬೇಕೆಂದೇ ತೆಗೆದುಹಾಕಿದ್ದು ಗುರುವಾರ ಮತ್ತೆ ಎದ್ದು ಕೂರುತ್ತದೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ನಮ್ಮ ಹೊಲಕ್ಕೆ ಮನೆಯವರು ಇಟ್ಟ ಹೆಸರು ಏನೇ ಇರಲಿ, ಉತಾರದಲ್ಲಿ ಅದನ್ನು ಗುರುತಿಸುವುದು ಸರ್ವೆ ನಂಬರು. ಯೂನಿಕ್ಸಿನಲ್ಲೂ ಹಾಗೆಯೇ. ಕಡತದ ನಿಜವಾದ ಗುರುತು ಒಂದು ಸಂಖ್ಯೆ; ಹೆಸರು ಆ ಸಂಖ್ಯೆಗೆ ಅಂಟಿಸಿದ ಚೀಟಿ. ಒಡೆಯನೂ ಅಷ್ಟೇ. ಕಡತದ ಮೇಲೆ ಒಡೆಯನ ಹೆಸರಿರುವುದಿಲ್ಲ, ಅವನ ಸಂಖ್ಯೆ ಇರುತ್ತದೆ. ಸಂಖ್ಯೆ 1005 ಎಂದರೆ ಯಾರು ಎಂಬುದು ಬೇರೊಂದು ಕಡತದಲ್ಲಿರುತ್ತದೆ. ಹಳೆಯ ಸರ್ವರಿನಲ್ಲಿ 1005 ಸಂಘದ ಲೆಕ್ಕಿಗ ಎಂದುಕೊಳ್ಳೋಣ. ಪೆನ್‌ಡ್ರೈವಿನ ಪುಟ್ಟ ಲಿನಕ್ಸಿನಲ್ಲಿ ಅದೇ ಲೆಕ್ಕಿಗನ ಹೆಸರು ಬೇರೆ ಸಂಖ್ಯೆಗೆ ಸೇರಿರಬಹುದು. ಹೆಸರು ನೋಡಿ ಹಂಚಿದರೆ ಸಾವಿರಾರು ಕಡತಗಳ ಒಡೆತನ ತಪ್ಪು ಖಾತೆಗೆ ಹೋಗುತ್ತದೆ. ಸರ್ವರ್ ಏಳುತ್ತದೆ, ಲೆಕ್ಕಿಗನಿಗೆ ತನ್ನದೇ ಕಡತ ತೆರೆಯಲು ಅನುಮತಿ ಸಿಗುವುದಿಲ್ಲ. ಅದಕ್ಕೇ ಪ್ರತಿ ಇಳಿಸುವಾಗ ‘ಹೆಸರು ನೋಡಬೇಡ, ಸಂಖ್ಯೆ ನೋಡು’ ಎಂದು ಟಾರ್‌ಗೂ ಆರ್‌ಸಿಂಕಿಗೂ ಮೊದಲೇ ಹೇಳಬೇಕು.

ಇನ್ನೆರಡು ಎಡವುಗಲ್ಲು. ಡಿಸ್ಕಿನ ಪ್ರತಿ ಭಾಗಕ್ಕೂ ಒಂದು ಉದ್ದನೆಯ ಗುರುತು ಸಂಖ್ಯೆ ಇರುತ್ತದೆ. ಹೊಸ ಡಿಸ್ಕಿನದು ಹೊಸದು. ಯಾವ ಭಾಗವನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಕಡತದಲ್ಲಿ ಹಳೆಯ ಸಂಖ್ಯೆಯೇ ಉಳಿದರೆ ಸರ್ವರ್ ಸತ್ತ ಡಿಸ್ಕನ್ನು ಹುಡುಕುತ್ತ ನಿಲ್ಲುತ್ತದೆ. ಇನ್ನೊಂದು, ಕಡತಗಳನ್ನೆಲ್ಲ ತುಂಬಿದ ಮಾತ್ರಕ್ಕೆ ಡಿಸ್ಕ್ ತಾನಾಗಿ ಏಳುವುದಿಲ್ಲ. ಬೂಟ್‌ಲೋಡರನ್ನು ಅದರಲ್ಲಿ ಬೇರೆಯಾಗಿ ಕೂಡಿಸಬೇಕು.

ಕೀರ್ದಿಯಿಂದ ಖಾತೆಗೆ

ಎಲ್ಲಕ್ಕಿಂತ ಸೂಕ್ಷ್ಮ, ಸದಸ್ಯರ ಲೆಕ್ಕವನ್ನೆಲ್ಲ ಹಿಡಿದಿಡುವ ಡೇಟಾಬೇಸು. ಓಡುತ್ತಿರುವ ಡೇಟಾಬೇಸಿನ ಕಡತಗಳನ್ನು ಹಾಗೇ ನಕಲು ಮಾಡಿದರೆ ಮೊದಲ ಪುಟ 1 ಗಂಟೆಯದು, ಕೊನೆಯ ಪುಟ 1.20ರದು ಆಗುತ್ತದೆ. ನಡುವೆ ಒಬ್ಬ ಸದಸ್ಯನ ಖಾತೆಯಿಂದ ಹಣ ಇನ್ನೊಬ್ಬನಿಗೆ ಹೋಗಿದ್ದರೆ ಪ್ರತಿಯಲ್ಲಿ ಅದು ಇಬ್ಬರಲ್ಲೂ ಕಾಣಬಹುದು, ಅಥವಾ ಇಬ್ಬರಲ್ಲೂ ಕಾಣದಿರಬಹುದು.

ಇದಕ್ಕೆ ಪರಿಹಾರ ನಮ್ಮ ದಲ್ಲಾಳಿ ಅಂಗಡಿಗಳಲ್ಲಿ ಹಿಂದೆಯೇ ಇತ್ತು. ಅಲ್ಲಿ ದಿನದ ವ್ಯವಹಾರ ಮೊದಲು ಬೀಳುವುದು ಕೀರ್ದಿಗೆ, ನಡೆದ ಸರದಿಯಲ್ಲೇ. ಆಮೇಲೆ ಅದನ್ನು ಹೆಸರುವಾರು ಖಾತೆಗೆ ಎತ್ತುತ್ತಾರೆ. ಖಾತೆ ಪುಸ್ತಕ ಮಳೆಗೆ ನೆಂದರೂ ಹಳೆಯ ಬಾಕಿ ಮತ್ತು ಕೀರ್ದಿ ಇದ್ದರೆ ಖಾತೆಯನ್ನು ಮತ್ತೆ ಬರೆಯಬಹುದು. ಡೇಟಾಬೇಸೂ ಪ್ರತಿ ಬದಲಾವಣೆಯನ್ನು ಮೊದಲು ತನ್ನ ಕೀರ್ದಿಗೆ ಬರೆದುಕೊಂಡೇ ಖಾತೆಯನ್ನು ಮುಟ್ಟುತ್ತದೆ. ಆದ್ದರಿಂದ ರಾತ್ರಿ ಒಂದು ಕ್ಷಣದ ಸುಸಂಬದ್ಧ ಚಿತ್ರ ತೆಗೆದು, ಹಗಲಿಡೀ ಕೀರ್ದಿಯ ತುಂಡುಗಳನ್ನು 15 ನಿಮಿಷಕ್ಕೊಮ್ಮೆ ಗದಗಿಗೆ ಕಳಿಸಿದರೆ, 11.20ಕ್ಕೆ ಬಿದ್ದ ಸರ್ವರಿನಲ್ಲಿ ಕಳೆದುಹೋಗುವುದು ಹೆಚ್ಚೆಂದರೆ ಕೊನೆಯ 15 ನಿಮಿಷ. ಆ ಹೊತ್ತಿನ ಪಾವತಿ ಚೀಟಿಗಳು ಕ್ಯಾಷಿಯರನ ಮೇಜಿನ ಮೇಲೇ ಇರುತ್ತವೆ, ಕೈಯಿಂದ ಏರಿಸಬಹುದು.

ಇದೇ ಪ್ರತಿಯೇ?

ಮರಳಿ ಬಂದದ್ದು ಕಳಿಸಿದ್ದೇ ಎಂದು ಖಾತ್ರಿಯಾಗುವುದು ಹೇಗೆ? ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿರುವ ಸೂಡಿಯಲ್ಲಿ ಸಿಕ್ಕ ತಾಮ್ರಪಟವೊಂದು ಇಲ್ಲಿ ನೆನಪಾಗುತ್ತದೆ. ಗಂಗರ ಬೂತುಗ ಕ್ರಿ.ಶ. 938ರಲ್ಲಿ ಕೊಟ್ಟ ದಾನಪತ್ರ ಎಂದು ಅದು ಹೇಳಿಕೊಳ್ಳುತ್ತದೆ. ಶಾಸನತಜ್ಞ ಜೆ.ಎಫ್. ಫ್ಲೀಟ್ ಅದನ್ನು ಪರಿಶೀಲಿಸಿ, ಅದು ಮೂಲವಲ್ಲ, ಕೃತಕ ಎಂದು ಪ್ರಕಟಿಸಿದರು. ಬರಹ ಪೂರ್ತಿ ಇದ್ದರೂ ಅದು ನಂಬತಕ್ಕದ್ದೇ ಎಂಬ ಪ್ರಶ್ನೆ ಬೇರೆಯಾಗಿ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಆ ಪರೀಕ್ಷೆಗೆ ಗಣಿತ ಇದೆ. ಶಾ-256 ಎಂಬ ಲೆಕ್ಕ ಎಷ್ಟೇ ದೊಡ್ಡ ಕಡತವನ್ನಾದರೂ ಓದಿ 64 ಅಕ್ಷರದ ಒಂದು ಮುದ್ರೆ ಕೊಡುತ್ತದೆ. ಕಡತದಲ್ಲಿ ಒಂದೇ ಬಿಟ್ ಬದಲಾದರೂ ಮುದ್ರೆ ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಪ್ರತಿ ತೆಗೆದ ದಿನದ ಮುದ್ರೆಗಳನ್ನು ಬೇರೆ ಕಡೆ ಬರೆದಿಟ್ಟು, ಇಳಿಸಿದ ಮೇಲೆ ಮತ್ತೆ ಲೆಕ್ಕ ಹಾಕಿ ತಾಳೆ ನೋಡಬೇಕು.

ಮೂರು ಪ್ರತಿಯ ನಿಯಮ

ನಿರ್ವಾಹಕರ ನಡುವೆ ಒಂದು ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ದೂರದ ಊರಿನಲ್ಲಿ. ನಮ್ಮ ನರಗುಂದ, ಗಜೇಂದ್ರಗಡದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಅಲ್ಲಿಂದ ಹಬ್ಬಿದ ಮರಾಠ–ಮೈಸೂರು ಯುದ್ಧ ಮುಗಿದದ್ದು 1787ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ. ಒಪ್ಪಂದದ ಬರಹ ಒಬ್ಬರ ಕೈಯಲ್ಲಷ್ಟೇ ಇದ್ದರೆ ಅದಕ್ಕೆ ಬೆಲೆಯಿಲ್ಲ. ಒಂದೇ ಮಾತು ಬೇರೆ ಬೇರೆ ಊರಿನ ದಫ್ತರಗಳಲ್ಲಿ ಕೂತಾಗಲೇ ಒಂದು ಅಳಿದರೂ ಇನ್ನೊಂದು ಸಾಕ್ಷಿ ಹೇಳುತ್ತದೆ.

ಒಂದೇ ಮನೆಯಲ್ಲಿ ಎಲ್ಲವನ್ನೂ ಇಟ್ಟವರ ಗತಿ ಏನಾಯಿತೆಂಬುದು ನಮ್ಮ ಕಣ್ಣೆದುರೇ ಇದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವಿನ 858 ಟೆರಾಬೈಟ್ ಸುಟ್ಟಿತು. ಅದಕ್ಕೆ ಹೊರಗಡೆ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗಾಯಿತು.

ದೂರವಿದ್ದರೂ ಸದಾ ತಂತಿಯಲ್ಲಿ ಕೂಡಿಕೊಂಡಿದ್ದರೆ ಇನ್ನೊಂದು ಭಯ. ಸರ್ವರಿನೊಳಗೆ ನುಗ್ಗಿದ ಸುಲಿಗೆಕೋರ ಅದೇ ತಂತಿಯಲ್ಲಿ ಪ್ರತಿಯ ತನಕ ನಡೆದುಹೋಗಬಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ದುಷ್ಕರ್ಮಿಗಳು ಗೂಢಲಿಪಿಯ ಬೀಗ ಜಡಿದರು. ಎರಡು ವಾರದಷ್ಟು ಕಾಲ ಹೊರರೋಗಿಗಳ ಚೀಟಿ ಕೈಯಿಂದ ಬರೆಯಬೇಕಾಯಿತು. ಆಸ್ಪತ್ರೆಯ ದತ್ತಾಂಶ ಮರಳಿದ್ದು, ದಾಳಿ ತಲುಪದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. ಕನಿಷ್ಠ ಒಂದು ಪ್ರತಿಯನ್ನು ತಂತಿ ಕಿತ್ತು ಬೀರುವಿನಲ್ಲಿಡಿ ಎನ್ನುವುದು ಇದಕ್ಕೇ. ಪ್ರತಿಗೆ ನೀವೇ ಗೂಢಲಿಪಿ ಹಾಕಿದ್ದರೆ ಅದರ ಗುಪ್ತಪದವೂ ಸರ್ವರಿನ ಹೊರಗೆ, ಕಾಗದದ ಮೇಲೆ, ಕೀಲಿ ಹಾಕಿದ ಕಡೆ ಇರಲಿ.

ಗೋಣಿತಟ್ಟು ಬಿಚ್ಚುವ ದಿನ

ಇಷ್ಟೆಲ್ಲ ಮಾಡಿಯೂ ಸೋತವರಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಂಸ್ಥೆಯ ತಂತ್ರಜ್ಞರೊಬ್ಬರು ದಣಿದ ರಾತ್ರಿಯಲ್ಲಿ ತಪ್ಪು ಯಂತ್ರದ ಡೇಟಾಬೇಸ್ ಅಳಿಸಿದರು. ಅವರಲ್ಲಿ ಐದು ಬಗೆಯ ಬ್ಯಾಕಪ್ ಏರ್ಪಾಡು ಇತ್ತು. ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಪ್ರತಿ ತೆಗೆಯುವ ಪ್ರೋಗ್ರಾಂ ಡೇಟಾಬೇಸಿಗಿಂತ ಹಳೆಯ ಆವೃತ್ತಿಯದಾಗಿ ದಿನವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸಿದ ಮಿಂಚಂಚೆಗಳು ಯಾರನ್ನೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ತಾಸು ಮೊದಲು ಆಕಸ್ಮಿಕವಾಗಿ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಸಂಸ್ಥೆ ನಡೆದದ್ದನ್ನೆಲ್ಲ ಮುಚ್ಚಿಡದೆ ಜಗತ್ತಿಗೆ ಹೇಳಿತು. ಅದರಿಂದ ಕಲಿಯುವುದು ನಮ್ಮ ಕರ್ತವ್ಯ.

ಅವರಲ್ಲಿ ಕಾಳಿನ ಗಡಿಗೆ ಐದಿದ್ದವು. ಗೋಣಿತಟ್ಟಿನಲ್ಲಿ ಸುತ್ತಿ ನೋಡಿದವರು ಯಾರೂ ಇರಲಿಲ್ಲ. ಪ್ರತಿ ಇಡುವುದು ಯಂತ್ರ ದಿನವೂ ತಾನೇ ಮಾಡಬಲ್ಲ ಕೆಲಸ. ಮರಳಿ ತಂದು ನೋಡಲು ಮನುಷ್ಯ ಒಂದು ದಿನ ಬಿಡುವು ಮಾಡಿಕೊಂಡು ಕೂರಬೇಕು. ನಮ್ಮ ಎಷ್ಟೋ ಕಚೇರಿಗಳು ಮೊದಲನೆಯದಕ್ಕೆ ಹಣ ಕೊಡುತ್ತವೆ, ಎರಡನೆಯದಕ್ಕೆ ದಿನ ಕೊಡುವುದಿಲ್ಲ. ಸೋಲು ಇರುವುದು ಇಲ್ಲಿಯೇ.

ಕರ್ನಾಟಕದ ಕಂದಾಯ ಇಲಾಖೆ ಈಗ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಗೆದ್ದಲು, ಮಳೆ, ಕಳವಿನಿಂದ ಕಾಗದ ಉಳಿಯಲಿ ಎಂಬ ಉದ್ದೇಶ ದೊಡ್ಡದು. ಕಾಗದ ಕಡತವಾದ ಮೇಲೆ ಅದರ ಹೊಣೆ ಇನ್ನೂ ದೊಡ್ಡದು. ಒಂದು ಸಣ್ಣ ಸಹಕಾರಿ ಸಂಘವಾಗಲಿ, ಶಾಲೆಯಾಗಲಿ, ಪಟ್ಟಣ ಪಂಚಾಯಿತಿಯಾಗಲಿ, ವರ್ಷಕ್ಕೆರಡು ಸಲ ಇಷ್ಟು ಮಾಡಲಿ. ಒಂದು ಹಳೆಯ ಕಂಪ್ಯೂಟರ್, ಒಂದು ಖಾಲಿ ಡಿಸ್ಕ್, ಒಂದು ಪೆನ್‌ಡ್ರೈವ್ ಇಟ್ಟುಕೊಂಡು ದೂರದ ಪ್ರತಿಯಿಂದ ಸರ್ವರನ್ನು ಪೂರ್ತಿ ಎಬ್ಬಿಸಲಿ. ಸೇರಿದವರಲ್ಲಿ ಒಬ್ಬ ಸದಸ್ಯನ ಖಾತೆ ತೆರೆದು, ನಿನ್ನೆಯ ಬಾಕಿ ಸರಿಯಿದೆಯೇ ಎಂದು ಅವನ ಪಾಸ್‌ಬುಕ್ಕಿನೊಡನೆ ತಾಳೆ ನೋಡಲಿ. ಎಷ್ಟು ತಾಸು ಹಿಡಿಯಿತು, ಎಲ್ಲಿ ಎಡವಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಲಿ. ಮುಂದಿನವನು ಅದನ್ನು ಓದಿ ಒಬ್ಬನೇ ಮಾಡುವಷ್ಟು ಸ್ಪಷ್ಟವಾಗಿರಲಿ.

ಹಿಂಗಾರಿ ಬಿತ್ತನೆಗೆ ಮುನ್ನ ಬೀಜದ 100 ಕಾಳು ಒದ್ದೆ ಗೋಣಿಯಲ್ಲಿ ಸುತ್ತುವ ದಿನವನ್ನೇ ಈ ಪರೀಕ್ಷೆಗೂ ಗೊತ್ತು ಮಾಡಿಕೊಳ್ಳಿ. ಆ ಗೋಣಿಯನ್ನು ಬಿಚ್ಚಿ ಮೊಳಕೆ ಎಣಿಸುವ ದಿನದೊಳಗೆ ನಿಮ್ಮ ಪ್ರತಿಯೂ ಮೊಳೆತಿರಬೇಕು. ಮೊಳೆಯದಿದ್ದರೆ ಹೊಸ ಬೀಜ ಹುಡುಕಲು ಇನ್ನೂ ಕಾಲ ಇರುತ್ತದೆ.